ಸ್ವೀಟ್ ಮೀನು ಒನ್ ಫೋರ್ ತ್ರೀ

ಮನುಷ್ಯರಿಗೆ ಹೆಸರಿಡುವ ಅಧಿಕಾರ ಹೆತ್ತವರದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಮೇಲ್ ವಿಳಾಸ ಇಡುವ ಅಧಿಕಾರವನ್ನು ನಿಶ್ಚಿತಾರ್ಥ ಮುಗಿದು ಇನ್ನೂ ಮದುವೆಯಾಗದ ಹುಡುಗನ ಕೈಗೆ ಮಾತ್ರ ಕೊಡಬಾರದು. ಆ ಅವಧಿಯಲ್ಲಿ ಗಂಡಸರಿಗೆ ದೂರದೃಷ್ಟಿ ಎಂಬುದು ಇರುವುದಿಲ್ಲ. ನನ್ನ ಯಜಮಾನರು ಯೋಗೀಶರು ಬಹರೈನಿಗೆ ಹೊರಡುವ ಮುಂಚಿನ ವಾರ ನನ್ನನ್ನು ಹಂಪನಕಟ್ಟೆಯ ಒಂದು ಸೈಬರ್ ಕೆಫೆಗೆ ಕರೆದುಕೊಂಡು ಹೋಗಿ, ಇಬ್ಬರಿಗೂ ಸಾಲದಷ್ಟು ಸಣ್ಣ ಗೂಡಿನಲ್ಲಿ ಕೂರಿಸಿ, ಕಾಗದ ಬರೆದುಕೊಳ್ಳಲೆಂದು ನನಗೊಂದು ಇಮೇಲ್ ಮಾಡಿಕೊಟ್ಟರು. ನನ್ನ ಹೆಸರು ಮೀನಾಕ್ಷಿ. ಅವರು ಕೊಟ್ಟ ವಿಳಾಸ ‘ಸ್ವೀಟ್ ಮೀನು ಒನ್ ಫೋರ್ ತ್ರೀ’. ಕೊನೆಯ ಅಂಕಿಗಳ ಅರ್ಥ ನಮ್ಮ ಕಾಲದವರಿಗೆ ಗೊತ್ತು. ಈಗಿನವರಿಗಾಗಿ ಹೇಳುವುದಾದರೆ, ‘ಐ ಲವ್ ಯೂ’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಅಕ್ಷರ ಎಣಿಸಿದರೆ ಸಿಗುವ ಸಂಖ್ಯೆ ಅದು. ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡದ ಮನುಷ್ಯ ಕಂಪ್ಯೂಟರಿನಲ್ಲಾದರೂ ಹೇಳಿದರಲ್ಲ ಎಂದು ನಾನು ಇಪ್ಪತ್ತು ವರ್ಷ ಒಳಗೊಳಗೇ ಬೀಗುತ್ತಿದ್ದೆ.

ಆ ವಿಳಾಸದಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ. ಮಗಳ ಶಾಲೆಯ ಸುತ್ತೋಲೆ, ಗ್ಯಾಸಿನ ರಶೀದಿ, ದೊಡ್ಡಮ್ಮನ ಮಗಳ ಮದುವೆಯ ಫೋಟೋ, ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಒಂಬತ್ತು ವರ್ಷ ಒಂದು ಶಾಲೆಯ ಆಫೀಸನ್ನು ನಾನೊಬ್ಬಳೇ ನಡೆಸಿದವಳು. ಹೆಡ್‌ಮಾಸ್ಟರರು ಎರಡು ದಿನ ರಜೆ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾನು ಅರ್ಧ ದಿನ ಹಾಕಿದರೆ ತಿಳಿಯುತ್ತಿತ್ತು. ಅತ್ತೆ ಹಾಸಿಗೆ ಹಿಡಿದಾಗ ಬಿಟ್ಟ ಕೆಲಸ. ಅವರು ತೀರಿಕೊಳ್ಳುವಷ್ಟರಲ್ಲಿ ಆರು ವರ್ಷ ಕಳೆದಿತ್ತು. ಅಷ್ಟರಲ್ಲಿ ಕಂಡಕಂಡವರು “ನೀವೀಗ ಮನೆಯಲ್ಲೇ ಅಲ್ಲವಾ” ಎಂದು ಕೇಳುವುದು, ನಾನು “ಹೌದು” ಎನ್ನುವುದು ಅಭ್ಯಾಸವಾಗಿಬಿಟ್ಟಿತ್ತು. ಆ ‘ಹೌದು’ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದುದು ನನಗೊಬ್ಬಳಿಗೇ ಕೇಳಿಸುತ್ತಿತ್ತು. ಹೀಗಿರುವಾಗ ಒಂದು ಕಾಲೇಜಿನ ಜಾಹೀರಾತು ಪತ್ರಿಕೆಯಲ್ಲಿ ಬಂತು. ಕಚೇರಿಗೆ ಬರುವ ಪತ್ರಗಳನ್ನು ನೋಡಿಕೊಂಡು ಉತ್ತರಿಸಲು ಅನುಭವಸ್ಥರು ಬೇಕು, ವಯಸ್ಸು ನಲವತ್ತೈದು ಮೀರಿರಬಾರದು, ಅರ್ಜಿಯನ್ನು ಇಮೇಲಿನಲ್ಲಿ ಕಳಿಸಬೇಕು. ನನಗೆ ನಲವತ್ತನಾಲ್ಕು ತುಂಬಿ ಹತ್ತು ತಿಂಗಳಾಗಿತ್ತು. ಇನ್ನೊಂದು ಜಾಹೀರಾತಿಗೆ ಕಾಯುವ ಪುರುಸೊತ್ತು ನನಗಿರಲಿಲ್ಲ.

ಕಾವೂರಿನಲ್ಲಿ ನಮ್ಮ ಪಕ್ಕದ ಮನೆ ಜೊಹರಾಳದು. ಕುದ್ರೋಳಿಯ ಹುಡುಗಿ, ದುಬೈಯಲ್ಲಿ ಒಂದು ಕಂಪೆನಿಯ ನೇಮಕಾತಿ ವಿಭಾಗದಲ್ಲಿ ಹತ್ತು ವರ್ಷ ಅರ್ಜಿಗಳನ್ನೇ ಓದಿ ಬಂದವಳು. ನನ್ನ ಅರ್ಜಿ ಎಷ್ಟು ಚೆನ್ನಾಗಿದೆಯೆಂದು ಅವಳ ಬಾಯಿಂದ ಕೇಳುವ ಆಸೆಯಿಂದ ಅದನ್ನು ತೋರಿಸಿದೆ. ಅವಳು ಮೊದಲ ಮೂರು ಸಾಲಿನಲ್ಲೇ ನಿಂತಳು.

“ಮೀನಾಕ್ಷಿಯಕ್ಕ, ಇದೆಂತ ಇದು?”

“ನನ್ನ ಇಮೇಲ್.”

“ಇದನ್ನು ನೋಡಿದವರು ಬಂದರಿನ ದಕ್ಕೆಯಿಂದ ಯಾರೋ ಮೀನಿನ ರೇಟು ಕಳಿಸಿದ್ದಾರೆ ಅಂತ ಗ್ರಹಿಸ್ತಾರೆ. ಅದೂ ಸ್ವೀಟ್ ಮೀನು. ನಮ್ಮ ಊರಲ್ಲಿ ಸಿಹಿನೀರಿನ ಮೀನನ್ನು ಯಾರು ಕೇಳ್ತಾರೆ?”

ನನಗೆ ಸಿಟ್ಟು ಬಂತು. ಒಂಬತ್ತು ವರ್ಷದ ಅನುಭವವನ್ನು ಬಿಟ್ಟು ಯಾರಾದರೂ ವಿಳಾಸ ನೋಡುತ್ತಾರೆಯೇ ಎಂದು ಕೇಳಿದೆ. ತಾನು ಹತ್ತು ವರ್ಷ ನೋಡಿದ್ದು ಅದನ್ನೇ ಎಂದಳು. ‘ಲವ್ಲಿ’, ‘ಕಿಂಗ್’, ‘ರಾಕ್‌ಸ್ಟಾರ್’ ಎಂದೆಲ್ಲ ಇರುವವರನ್ನು ಪಕ್ಕಕ್ಕಿಟ್ಟ ಮೇಲೇ ಚಹಾ ಕುಡಿಯುತ್ತಿದ್ದಳಂತೆ. ಸ್ವಂತ ಹೆಸರಿರಬೇಕು, ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಬೇಕು, ಅಷ್ಟೇ ಎಂದು ತೀರ್ಪು ಕೊಟ್ಟಳು.

ಆ ಭಾನುವಾರ ಬೆಳಿಗ್ಗೆ ಅವಳ ಲ್ಯಾಪ್‌ಟಾಪು ನಮ್ಮ ಊಟದ ಮೇಜಿಗೆ ಬಂತು. ನನ್ನ ಹೆಸರು ಹೊಡೆದ ಕೂಡಲೇ, ಅದು ಬೇರೆಯವರ ಪಾಲಾಗಿದೆ ಎಂಬ ಉತ್ತರ. ನನಗಿಂತ ಮೊದಲೇ ಎದ್ದು ಕೂತ ಮೀನಾಕ್ಷಿಯರು ಲೋಕದಲ್ಲಿ ಇಷ್ಟಿದ್ದಾರೆಂದು ನನಗೆ ತಿಳಿದಿರಲಿಲ್ಲ. ಹಿಂದೆ ಮನೆತನದ ಹೆಸರು ಕೋಟ್ಯಾನ್ ಸೇರಿಸಿದೆವು. ಆಗ ಎದ್ದದ್ದು ಸ್ಪೆಲ್ಲಿಂಗಿನ ಪ್ರಶ್ನೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಮದುವೆಯ ಸರ್ಟಿಫಿಕೇಟಿನಲ್ಲಿ ಮತ್ತೊಂದು. ನನ್ನ ಹೆಸರನ್ನು ನಾನೇ ಇಷ್ಟು ವಿಧದಲ್ಲಿ ಸಾಕಿಕೊಂಡು ಬಂದಿದ್ದೆ. ಕೊನೆಗೆ ‘ಮೇಡಂ’ ಎಂದು ಸೇರಿಸಿದರೆ ಗೌರವವಾಗಿ ಕಾಣುತ್ತದೆಂದು ನಾನು ಸಲಹೆ ಕೊಟ್ಟೆ. ಜೊಹರಾ ಅದನ್ನು ಹೊಡೆಯದೆಯೇ ಮುಂದಿನ ಸ್ಪೆಲ್ಲಿಂಗಿಗೆ ಹೋದಳು. ಅಷ್ಟರಲ್ಲಿ ಕಂಪ್ಯೂಟರೇ ದಯೆ ತೋರಿ, ನಿಮ್ಮ ಹೆಸರಿನ ಮುಂದೆ ಇಂತಿಂಥ ಅಂಕಿಗಳನ್ನು ಹಾಕಿಕೊಳ್ಳಬಹುದು ಎಂದು ಮೂರು ನಮೂನೆ ಕೊಟ್ಟಿತು.

ಆ ಅಂಕಿಗಳನ್ನು ನೋಡುತ್ತಿದ್ದಂತೆ ನನಗೆ ಹಳೆಯ ವಿಳಾಸದ ಅಂಕಿಗಳು ನೆನಪಾದವು. ಬಹರೈನ್ ಬಿಟ್ಟು ಬಂದು ವರ್ಷಗಳಾಗಿದ್ದ ಯೋಗೀಶರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು.

“ಆ ಒನ್ ಫೋರ್ ತ್ರೀ ನೀವು ಹಾಕಿದ್ದಾ, ಅದೇ ಕೊಟ್ಟದ್ದಾ?” ಎಂದೆ.

ಅವರು ಪೇಪರ್ ಮಡಚಿದರು, ಪ್ರಾಮಾಣಿಕವಾಗಿ ಯೋಚಿಸಿದರು. “ಅದೇ ಕೊಟ್ಟದ್ದು ಮೀನು. ಅಂದು ಲೈನು ತುಂಬ ಸ್ಲೋ ಇತ್ತು. ಬಂದದ್ದನ್ನು ಒತ್ತಿದೆ.”

ಜೊಹರಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ; ಅದು ಅವಳ ಒಳ್ಳೆಯತನ. ನಾನು ಅಡುಗೆಮನೆಗೆ ಹೋಗಿ ಬೇಯುತ್ತಿರದ ಅನ್ನವನ್ನು ಸ್ವಲ್ಪ ಹೊತ್ತು ನೋಡಿಕೊಂಡು ಬಂದೆ. ‘ಸ್ವೀಟ್’ ಆದರೂ ಯಾರದು ಎಂದು ಕೇಳುವ ಧೈರ್ಯ ಆಗಲಿಲ್ಲ. ಆ ‘ಸ್ವೀಟ್’ ತಾನೇ ಹಾಕಿದ್ದು ಎಂದು ಅವರಾಗಿ ಹೇಳಿದ್ದು ಮಧ್ಯಾಹ್ನದ ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಾ. ಸಾರನ್ನು ಎರಡನೆಯ ಸಲ ಬಡಿಸಿದೆ.

ಕೊನೆಗೆ ನನ್ನ ಹೆಸರು, ನಡುವೆ ಯೋಗೀಶರ ಒಂದಕ್ಷರ, ಹಿಂದೆ ಕೋಟ್ಯಾನ್ ಎಂದು ವಿಳಾಸ ಸಿದ್ಧವಾಯಿತು. ಅಂಕಿ ಇಲ್ಲ, ಸಿಹಿ ಇಲ್ಲ, ಮೀನೂ ಇಲ್ಲ. ಇಸ್ತ್ರಿ ಮಾಡಿದ ಹತ್ತಿ ಸೀರೆಯ ಹಾಗಿತ್ತು. ಅರ್ಜಿಯನ್ನು ಅದರಿಂದಲೇ ಕಳಿಸಿದೆವು. ಸಂದರ್ಶನದ ಕರೆ ಬರುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಯಾವ ಸೀರೆ ಉಡಬೇಕೆಂದೂ ತೀರ್ಮಾನಿಸಿದ್ದೆ.

ಮರುದಿನದಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಫೋನು ತೆರೆದು ನೋಡಿದೆ. ಉಪ್ಪಿನಕಾಯಿಯ ಜಾಹೀರಾತು ಬಂತು, ಕುರ್ತಾದ ರಿಯಾಯಿತಿ ಬಂತು, ಕಾಲೇಜಿನದು ಬರಲಿಲ್ಲ. ಹತ್ತು ದಿನ ಕಳೆಯಿತು. ಈಗಿನ ಸಂಸ್ಥೆಗಳಿಗೆ ಸೌಜನ್ಯವೇ ಇಲ್ಲ, ಒಂದು ಸಾಲು ಉತ್ತರ ಬರೆಯಲು ಕೈ ಬರುವುದಿಲ್ಲ, ಇಂಥವರಿಗೆ ನನ್ನಂಥವಳೇ ಬೇಕಾಗಿತ್ತು ಎಂದು ಯೋಗೀಶರಿಗೆ ದಿನಕ್ಕೆರಡು ಬಾರಿ ಹೇಳಿದೆ. ಹನ್ನೊಂದನೆಯ ದಿನ ಅದನ್ನೇ ಕಾಂಪೌಂಡಿನ ಆಚೆಯಿದ್ದ ಜೊಹರಾಳಿಗೂ ಹೇಳಿದೆ. ಅವಳು ಒಗೆದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕೇಳಿದಳು:

“ಅಕ್ಕ, ನೀವು ನೋಡ್ತಾ ಇರುವುದು ಯಾವ ಇಮೇಲನ್ನು?”

ನನ್ನ ಫೋನಿನಲ್ಲಿ ಇದ್ದದ್ದು ಸ್ವೀಟ್ ಮೀನು ಒಂದೇ. ಹೊಸದನ್ನು ಅವಳ ಲ್ಯಾಪ್‌ಟಾಪಿನಲ್ಲಿ ಹುಟ್ಟಿಸಿ, ಅಲ್ಲಿಯೇ ಬಿಟ್ಟು ಬಂದಿದ್ದೆ. ತೆರೆದು ನೋಡಿದರೆ ಕರೆ ಬಂದು ಎಂಟು ದಿನವಾಗಿತ್ತು. ಸಂದರ್ಶನ ಅದೇ ದಿನ, ಹನ್ನೊಂದೂವರೆಗೆ. ಗಂಟೆ ಹತ್ತೂಕಾಲು. ತೀರ್ಮಾನಿಸಿಟ್ಟ ಸೀರೆ ಉಡಲು ಸಮಯವಿರಲಿಲ್ಲ. ಯೋಗೀಶರ ಸ್ಕೂಟರಿನ ಹಿಂದೆ ಕೂತು, ಕೂಳೂರು ಸೇತುವೆಯ ಮೇಲೆ ಲಾರಿಗಳ ನಡುವೆ ನಿಂತಿದ್ದಾಗ, ಜೀವಮಾನದಲ್ಲಿ ಮೊದಲ ಬಾರಿ ನನಗೆ ಕೆಲಸ ಸಿಗದೇ ಹೋಗಬಹುದು ಎಂದು ಅನಿಸಿತು.

ಪ್ರಾಂಶುಪಾಲರು ನನ್ನ ಅರ್ಜಿಯನ್ನು ಮುಂದಿಟ್ಟುಕೊಂಡು, ಬರುತ್ತೇನೆಂದು ತಿಳಿಸಲು ಹೇಳಿದ್ದೆವು, ನೀವೊಬ್ಬರೇ ತಿಳಿಸಲಿಲ್ಲ ಎಂದರು. ಪತ್ರಗಳಿಗೆ ಉತ್ತರ ಕೊಡುವ ಕೆಲಸ ಇದು ಎಂದು ನೆನಪಿಸಿದರು. ಸುಳ್ಳು ಹೇಳಲು ಒಳ್ಳೆಯ ಸುಳ್ಳೊಂದೂ ಹೊಳೆಯಲಿಲ್ಲ.

“ಹಳೆ ವಿಳಾಸ ನಿಮಗೆ ಕೊಡುವ ಹಾಗೆ ಇರಲಿಲ್ಲ ಮೇಡಂ. ನಿಮಗೆ ಅಂತಲೇ ಹೊಸತು ಮಾಡಿದೆ. ಮತ್ತೆ ಹಳೆಯದನ್ನೇ ನೋಡ್ತಾ ಕೂತೆ.”

ಹಳೆಯದೇನಿತ್ತು ಎಂದು ಕೇಳಿದರು. ಹೇಳಿದೆ. ಮೂಲೆಯಲ್ಲಿ ಕೂತಿದ್ದ ಹಿರಿಯ ಗುಮಾಸ್ತರು ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ತಿಳಿಯಿತು. ಪ್ರಾಂಶುಪಾಲರು ನಗಲಿಲ್ಲ. ಒಬ್ಬ ತಂದೆಯ ಪತ್ರ ಕೊಟ್ಟು, ಇದಕ್ಕೆ ಉತ್ತರ ಬರೆಯಿರಿ ಎಂದರು. ಮಗಳ ಹೆಸರನ್ನು ಕಾಲೇಜಿನವರು ಮೂರು ಕಡೆ ಮೂರು ರೀತಿ ತಪ್ಪಾಗಿ ಬರೆದಿದ್ದಾರೆಂದು ಎರಡು ಪುಟ ಸಿಟ್ಟು. ನಾನು ಐದು ಸಾಲು ಬರೆದೆ: ತಪ್ಪು ನಮ್ಮದು, ಸರಿಯಾದ ಅಕ್ಷರಗಳನ್ನು ಕೆಳಗಿನ ಚೌಕಗಳಲ್ಲಿ ಬರೆದು ಕಳಿಸಿ, ತಿದ್ದಿದ ಪ್ರತಿಗಳನ್ನು ನೀವು ಬರದೆಯೇ ಮನೆಗೆ ತಲುಪಿಸುತ್ತೇವೆ. ಚೌಕಗಳನ್ನೂ ಗೆರೆ ಎಳೆದು ಕೊಟ್ಟೆ. ಅವರು ಎರಡು ಸಲ ಓದಿ, ಒಂದನೇ ತಾರೀಕಿನಿಂದ ಬರಬಹುದೇ ಎಂದು ಕೇಳಿದರು.

ಮೊದಲ ದಿನವೇ ಕಾಲೇಜಿನವರು ನನಗೆ ಅವರದೇ ಒಂದು ಇಮೇಲ್ ಕೊಟ್ಟರು. ಅದರಲ್ಲಿ ಮೀನಾಕ್ಷಿಯೂ ಇಲ್ಲ, ಕೋಟ್ಯಾನೂ ಇಲ್ಲ. ಬರೀ ‘ಆಫೀಸ್ ಟೂ’. ವಿದ್ಯಾರ್ಥಿಗಳ ಹೆತ್ತವರು ಈಗ ನನಗೆ ‘ಮಾನ್ಯರೇ’ ಎಂದು ಬರೆಯುತ್ತಾರೆ. ಒಬ್ಬರು ‘ಡಿಯರ್ ಆಫೀಸ್ ಟೂ ಸರ್’ ಎಂದೇ ಬರೆದಿದ್ದರು. ಜೊಹರಾಳಿಗೆ ಬೇಸರವಾಯಿತು, ಅಷ್ಟು ಒದ್ದಾಡಿ ಮಾಡಿದ ಹೆಸರು ಹೋಯಿತಲ್ಲ ಎಂದು. ನನಗೆ ಹಾಗೇನೂ ಅನಿಸಲಿಲ್ಲ. ನಾನು ವಿಚಾರಿಸಿದ್ದು ಒಂದೇ, ಆಫೀಸ್ ಒನ್ ಯಾರೆಂದು. ಆ ಕೆಮ್ಮಿದ ಗುಮಾಸ್ತರೇ. ಒಳ್ಳೆಯ ಮನುಷ್ಯರು. ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಉಂಟಂತೆ.