ಕೆಂಚನ ರಕ್ತದಲ್ಲಿದ್ದ ಧೈರ್ಯ

ಶಿವಮಲ್ಲುವಿನ ನಾಯಿ ಕೆಂಚನಷ್ಟು ಪುಕ್ಕಲು ಪ್ರಾಣಿ ಇಡೀ ತಿಗನಾರೆ ಊರಲ್ಲಿ ಇರಲಿಲ್ಲ. ಒಗ್ಗರಣೆ ಸಿಡಿದರೂ ಮಂಚದಡಿ ನುಗ್ಗುತ್ತಿತ್ತು. ಶಿವಮಲ್ಲುವಿಗೆ ಮದುವೆಯಾಗಿ ತಿಂಗಳಾಗಿತ್ತಷ್ಟೆ. ರಾತ್ರಿಗಳೆಲ್ಲ ಜೋಳದ ಹೊಲದ ಅಟ್ಟಣೆಯ ಮೇಲೆ ಕಾಡುಹಂದಿ ಓಡಿಸುವುದರಲ್ಲೇ ಹಾಳಾಗುತ್ತಿದ್ದವು. ಕಾವಲಿನ ಸರದಿ ಹಾಕುವ ಯಜಮಾನ ಪುಟ್ಟಬಸಪ್ಪ ಒಂದು ದಾರಿ ತೋರಿಸಿದ್ದ:

"ನಿನ್ ನಾಯಿ ಧೈರ್ಯದ್ದು ಅಂತ ಆ ಮೇಡಮ್ಮು ಯೋಳ್ಬುಡ್ಲಿ. ಅದ್ನೇ ಒಲಕ್ಕೆ ಕಳ್ಸು, ನೀನು ಎಂಡ್ತಿ ಜೊತೆ ಮನೇಲಿರು."

ಮೇಡಮ್ಮು ಎಂದರೆ ಶಿವರಂಜನಿ. ನಾಯಿಯ ಗುಣ ರಕ್ತದಲ್ಲಿ ಬರುತ್ತದೋ ಸಾಕಿದವರಿಂದ ಬರುತ್ತದೋ ಎಂದು ಪತ್ತೆಹಚ್ಚಲು ಮೈಸೂರಿನಿಂದ ಬಂದವಳು. ಯಾರನ್ನು ಕೇಳಿದರೂ ತಮ್ಮ ನಾಯಿ ಹುಲಿಯೇ ಅನ್ನುತ್ತಿದ್ದರಿಂದ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬುತ್ತಿರಲಿಲ್ಲ.

ಆ ದಿನ ಶಿವಮಲ್ಲು ಒಬ್ಬರಿಗೊಬ್ಬರು ಸಗಣಿ ಎಸೆದಾಡುವ ಗುಮಟಾಪುರದ ಹಬ್ಬದಲ್ಲಿದ್ದ. ನೆತ್ತಿಯಿಂದ ಹಿಮ್ಮಡಿವರೆಗೆ ಸಗಣಿ ಮೆತ್ತಿಸಿಕೊಂಡು, ಮೈ ತೊಳೆಯಲು ಕೆರೆಗಿಳಿಯುವಷ್ಟರಲ್ಲಿ ಪುಟ್ಟಬಸಪ್ಪನ ಫೋನು.

"ಎಲ್ ಸತ್ತಿದ್ದೀಯ ಲಾ? ಮೇಡಮ್ಮು ನಿನ್ ಬಾಗ್ಲಲ್ಲೇ ಕುಂತವ್ರೆ! ಕೆಂಚ ಮಂಚ ಬುಟ್ಟು ಈಚ್ಗೇ ಬತ್ತಾ ಇಲ್ಲ!"

"ಕಳ್ಸ್‌ಬುಡ್ಬೇಡಿ ಅಣ್ಣಾ, ಬಂದೆ!" ಹಬ್ಬದಲ್ಲಿ ಕೂಗಾಡಿ ಕೂಗಾಡಿ ಶಿವಮಲ್ಲುವಿನ ದನಿ ಕಪ್ಪೆಯದ್ದಾಗಿತ್ತು.

ಹಾಗೇ ಬೈಕು ಹತ್ತಿದ. ದಾರಿಯ ಬಿಸಿಲಿಗೆ ಸಗಣಿ ಒಣಗಿ, ಮನೆ ಮುಟ್ಟುವಾಗ ಕಾಲು ಬಂದ ಬೆರಣಿಯಂತಿದ್ದ. ಮುಂಬಾಗಿಲಲ್ಲಿ ಜನವೋ ಜನ. ನಾಚಿಕೆಯಾಗಿ ಹಿತ್ತಲ ಬೇಲಿ ಹಾರಿದ.

ತೆರೆದ ಹಿಂಬಾಗಿಲ ಕಡೆಗೆ ಮಂಚದಡಿಯಿಂದ ಕೆಂಚ ನೋಡಿತು. ವಾಸನೆ ದನದ್ದು, ನಿಲುವು ಮನುಷ್ಯನದ್ದು, ಬಂದ ದಾರಿ ಕಳ್ಳನದ್ದು. ಭಯಕ್ಕೆ ತಲೆಕೆಟ್ಟು ಬಾಣದಂತೆ ಎರಗಿತು.

"ಕೆಂಚಾ, ನಾನ್ ಕಣ್ಲಾ!"

ಕಪ್ಪೆಯ ಮಾತನ್ನು ಕೆಂಚ ಕೇಳಲಿಲ್ಲ. ಶಿವಮಲ್ಲು ನುಗ್ಗೆಮರ ಹತ್ತಿದ. ಕೊಂಬೆ ಲಟಕ್ಕೆಂದು ಮುರಿದು ಕೆಂಚನ ಮುಂದೆಯೇ ಬಿದ್ದ. ಕೆಂಚ ಹೆಜ್ಜೆ ಹಿಂದಿಡದೆ ಅವನ ಚಡ್ಡಿಗೆ ಬಾಯಿ ಹಾಕಿತು. ಹೆಂಡತಿ ಕವಿತ ಕೊಡ ನೀರು ಸುರಿದ ಮೇಲೆಯೇ ಅದಕ್ಕೆ ಒಡೆಯನ ಗುರುತು ಸಿಕ್ಕಿದ್ದು.

ಗಲಾಟೆ ಕೇಳಿ ಹಿತ್ತಲಿಗೆ ಓಡಿಬಂದು ಎಲ್ಲವನ್ನೂ ಕಂಡಿದ್ದ ಶಿವರಂಜನಿಯ ಕಣ್ಣು ಅರಳಿತ್ತು. "ಇಷ್ಟು ಧೈರ್ಯದ ನಾಯಿ ನಾನೆಲ್ಲೂ ನೋಡಿಲ್ಲ!"

ಶಿವಮಲ್ಲು ಹರಿದ ಚಡ್ಡಿ ಹಿಡಿದುಕೊಂಡೇ ಎದೆ ಸೆಟೆಸಿದ. "ಕೇಳುಸ್ತಾ ಯಜಮಾನ್ರೇ? ಇವತ್ತಿಂದ ಕೆಂಚನೇ ಒಲಕ್ಕೆ!"

"ಅಯ್ಯೋ, ಕಳಿಸ್ಬೇಡಿ!" ಶಿವರಂಜನಿ ಗಾಬರಿಯಾದಳು. "ಧೈರ್ಯ ಇದರ ರಕ್ತದಲ್ಲಿದೆಯಾ ಅಂತ ಇದಕ್ಕೆ ಹುಟ್ಟೋ ಮರಿಗಳಲ್ಲೂ ನೋಡ್ಬೇಕು. ಅಲ್ಲೀವರೆಗೂ ಹಂದಿಗೆ ಸಿಕ್ಕಿ ಸಾಯ್ಬಾರ್ದು. ದಯವಿಟ್ಟು ಮನೇಲೇ ಇಟ್ಕೊಳ್ಳಿ."

"ಸರಿ ಮತ್ತೆ," ಅಂದ ಪುಟ್ಟಬಸಪ್ಪ. "ಊರಿಗೆಲ್ಲ ಇರಾದೇ ಒಂದು ಧೈರ್ಯದ್ ನಾಯಿ, ಅದ್ನ ಕಳ್ಕೊಳಕಾಯ್ತದಾ? ನೀನೇ ನಡಿ ಮಲ್ಲು ಒಲಕ್ಕೆ, ಒತ್ತು ಮುಳುಗ್ತು."

ಕವಿತ ಗಂಡನ ಕೈಗೆ ಟಾರ್ಚು ಕೊಟ್ಟು, ಅವನ ಹಾಸಿಗೆಯನ್ನು ಕೆಂಚನಿಗೆ ಹಾಸಿದಳು.