ಮಧುಗಿರಿ ಬೆಟ್ಟಕ್ಕೆ ಜಪಾನಿನ ಮಂಜು

ಆಯಾಸವೆಂಬುದು ಕೆಲಸ ಮಾಡಿದ ಮೇಲೆ ಬರುತ್ತದೆ ಎಂದು ಲೋಕ ನಂಬಿಕೊಂಡಿದೆ. ನನಗೆ ಅದು ಕೆಲಸಕ್ಕಿಂತ ಮುಂಚೆಯೇ ಬಂದು ಕೂತಿರುತ್ತದೆ. ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಡ್ರಾಯಿಂಗ್ ಮೇಷ್ಟ್ರು. ಹೂಜಿ, ಬದನೆಕಾಯಿ, ಮಹಾರಾಜರ ಭಾವಚಿತ್ರ, ಇವು ಮೂರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆದುಕೊಡುತ್ತೇನೆ. ಒಮ್ಮೆ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಬದನೆಕಾಯಿಯನ್ನು ಹೊಗಳಿ, ಪುಸ್ತಕದಲ್ಲಿರುವ ಹಾಗೇ ಇದೆ ಎಂದಿದ್ದರು. ಇರದೆ ಏನು, ನೋಡಿ ಬರೆದದ್ದೇ ಪುಸ್ತಕವನ್ನು. ನನ್ನದು ಅಂತ ಒಂದೇ ಒಂದು ಚಿತ್ರ ಇಲ್ಲವಲ್ಲ ಎಂಬ ಸಂಕಟ ಮಾತ್ರ ಆಗಾಗ ಎದೆಯಲ್ಲಿ ಆಡುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಸುಮ್ಮನಿದ್ದೆ.

ಹಿಂದೆ ಮೈಸೂರಿನಲ್ಲಿ ಕಲಿಯುತ್ತಿದ್ದಾಗ ನಮ್ಮ ಗುರುಗಳು ಜಪಾನಿನ ಒಂದು ಚಿತ್ರ ತೋರಿಸಿದ್ದರು. ರೇಷ್ಮೆ ಬಟ್ಟೆಯ ಮೇಲೆ ಒಂದು ಬೆಟ್ಟದ ತುದಿ, ಕೆಳಗೆ ಒಂದು ದೋಣಿ, ನಡುವೆ ಬರೀ ಮಂಜು. ಇಷ್ಟು ಕಡಿಮೆ ಬರೆದೂ ಚಿತ್ರಗಾರ ಎನ್ನಿಸಿಕೊಳ್ಳಬಹುದೆಂದು ಗೊತ್ತಾದದ್ದೇ ಆಗ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಕಲೆ ಎಂದುಕೊಂಡೆ. ಈ ವರ್ಷ ನಮ್ಮ ಹೆಡ್‌ಮಾಸ್ಟರು ದಸರಾ ವಸ್ತುಪ್ರದರ್ಶನಕ್ಕೆ ಸ್ಕೂಲಿನ ಸಾಮಾನು ತೆಗೆದುಕೊಂಡು ಹೋಗುತ್ತೇನೆ, ನಿಮ್ಮದೇನಾದರೂ ಇದ್ದರೆ ಕೊಡಿ ಎಂದಾಗ, ಆ ಆಸೆ ಮತ್ತೆ ತಲೆ ಎತ್ತಿತು. ನಮ್ಮ ಮಧುಗಿರಿ ಬೆಟ್ಟವನ್ನೇ ಜಪಾನಿ ರೀತಿಯಲ್ಲಿ ಬರೆಯುವುದೆಂದು ನಿಶ್ಚಯಿಸಿದೆ. ಈ ಬೆಟ್ಟಕ್ಕೆ ಮಂಜು ಬಿದ್ದದ್ದನ್ನು ನಾನು ಕಂಡಿಲ್ಲ, ನಮ್ಮಪ್ಪನೂ ಕಂಡಿರಲಿಲ್ಲ. ಅದು ಬೇರೆ ಮಾತು.

ಕಡಿಮೆ ಬರೆಯುವ ಕಲೆಗೆ ಎಷ್ಟು ದುಡಿಯಬೇಕೆಂದು ಗುರುಗಳು ಹೇಳಿರಲಿಲ್ಲ. ರೇಷ್ಮೆಗೆ ನನ್ನ ಮದುವೆಯ ಪಂಚೆ ಹರಿದೆ. ಗೌಡಗೆರೆ ಕಡೆಯ ಕುರಿಯವನನ್ನು ಕಾಡಿಬೇಡಿ ಮೇಕೆಯ ಕಿವಿಗೂದಲು ತಂದು ಕುಂಚ ಕಟ್ಟಿದೆ. ಹರಳೆಣ್ಣೆ ದೀಪದ ಮೇಲೆ ಮಡಕೆ ಕವುಚಿ, ವಾರಗಟ್ಟಲೆ ಮಸಿ ಹಿಡಿದು ಅರೆದೆ. ಬೆರಳಿಗೆ ಹತ್ತಿದ ಆ ಮಸಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಇನ್ನು ಮಂಜಿಗೆ ಬಿಳಿ ಬಣ್ಣ ಬೇಕು. ಜಪಾನಿನವರು ಕಡಲ ಚಿಪ್ಪು ಪುಡಿ ಮಾಡಿ, ಚರ್ಮ ಬೇಯಿಸಿ ತೆಗೆದ ಅಂಟಿನಲ್ಲಿ ಕಲಸುತ್ತಾರೆ. ನಮ್ಮದು ಲಿಂಗ ಕಟ್ಟಿದವರ ಮನೆ. ಈ ವಿಷಯ ನಮ್ಮ ತಾಯಿಯ ಮುಂದೆ ತೆಗೆಯಬಾರದಿತ್ತು, ತೆಗೆದೆ.

“ಒಲೆ ಮ್ಯಾಗೆ ಚರ್ಮ ಬೇಯಿಸ್ತೀಯೇನ್ಲಾ? ಬೇಯಿಸು. ನಾನು ಮಠದಾಗೆ ಇದ್ಬುಡ್ತೀನಿ, ನೀನು ನಿನ್ನ ಜಪಾನು ಇಬ್ರೂ ಇಲ್ಲೇ ಇರಿ” ಎಂದರು.

ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಅಂಟಿಗೆ ಜಾಲಿಗೋಂದು ಹಾಕಿದೆ. ಜಾಸ್ತಿ ಹಾಕಿದರೆ ರೇಷ್ಮೆ ಹಳದಿಯಾಗುತ್ತದೆಂದು ಏನೋ ಹೆಸರಿಗೆ ಒಂದು ತೊಟ್ಟು. ಬಿಳಿಗೆ ಏನು ಮಾಡಲಿ ಎಂದು ಹುಡುಕುತ್ತ ದೇವರ ಮನೆಗೆ ಹೋದವನಿಗೆ ಅಲ್ಲಿದ್ದ ಎರಡೇ ವಿಭೂತಿ ಗಟ್ಟಿಗಳು ಕಣ್ಣಿಗೆ ಬಿದ್ದವು. ಅರೆದೆ. ಅಂಥ ನುಣುಪು ಬಿಳಿ ಜಪಾನಿನಲ್ಲೂ ಇರಲಾರದು. ಬೆಟ್ಟದ ಸೊಂಟಕ್ಕೆ ಮಂಜು ಬಂದು ನಿಂತಿತು. ಎರಡು ತಿಂಗಳ ಮೇಲೆ ಮೊದಲ ಸಲ ಆಯಾಸ ಮರೆತು, ಹೆಂಡತಿಯನ್ನು ಕೂಗಿ ತೋರಿಸಿದೆ. ಗೌರಮ್ಮ ನೋಡಿ, “ಚೆನ್ನಾಗೈತೆ. ವಿಭೂತಿಗೆ ಏನು ಮಾಡೋಣ?” ಎಂದಳು. ಮಠದ ಅಯ್ಯನವರು ಅಮಾವಾಸ್ಯೆಗೆ ತಂದುಕೊಡುವುದು ಬಿಟ್ಟು ಬೇರೆ ವಿಭೂತಿ ನಮ್ಮ ಮನೆಯಲ್ಲಿ ಬಳಸುವುದಿಲ್ಲ. ಅಮಾವಾಸ್ಯೆಗೆ ಇನ್ನೂ ಐದು ದಿನ. ನೋಡೋಣ ಬಿಡು ಎಂದು, ಗಾಳಿ ಧೂಳು ಬಾರದ ಜಾಗವೆಂದು ಚಿತ್ರವನ್ನು ದೇವರ ಮನೆಯಲ್ಲೇ, ವಿಭೂತಿ ಇಡುತ್ತಿದ್ದ ಕಡೆ, ಒಣಗಲು ನಿಲ್ಲಿಸಿದೆ. ಆಮೇಲೆ ಮೂರು ದಿನ ಅರ್ಧವಾರ್ಷಿಕ ಪರೀಕ್ಷೆ. ತಿದ್ದಿ ತಿದ್ದಿ ಕಣ್ಣು ಬಿಡಲಾಗುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೆಡ್‌ಮಾಸ್ಟರು ಬಸ್ಸಿಗೆ ಹೋಗುವ ದಾರಿಯಲ್ಲಿ ಬರುತ್ತೇನೆಂದಿದ್ದರು. ಸ್ನಾನ, ಪೂಜೆ ಮುಗಿಸಿ, ಕಾಫಿ ಕುಡಿದು, ಸುತ್ತಿಕೊಡಲು ಹಳೆಯ ಧೋತ್ರ ತಂದು ಚಿತ್ರವನ್ನು ಬೆಳಕಿಗೆ ತೆಗೆದೆ. ಮಂಜಿರಲಿಲ್ಲ. ಬೆಟ್ಟ ಬೋಳುಬಂಡೆಯಾಗಿ ನಿಂತಿತ್ತು. ಮೈಯೆಲ್ಲ ಉರಿಯಿತು. ಎಲ್ಲರನ್ನೂ ಕರೆದು ಯಾರು ಮುಟ್ಟಿದವರು ಎಂದು ಕೇಳಿದೆ.

“ನಾನೇ ಕಣ್ಲಾ. ಬರಿ ಹಣೇಲಿ ಲಿಂಗ ಪೂಜೆ ಮಾಡಕ್ಕಾಯ್ತದಾ? ದಿನಾ ಒಂದೀಟು, ಆ ಮೂಲೇಲಿ” ಎಂದರು ತಾಯಿ, ಮುಚ್ಚುಮರೆಯಿಲ್ಲದೆ.

“ನಾನು ಕೆಳಗಡೆಯಿಂದ ತಗೊಂಡೆ ಕಣ್ರೀ. ಕಾಣಾಕಿಲ್ಲ ಅಂದ್ಕೊಂಡೆ” ಎಂದಳು ಗೌರಮ್ಮ.

ಪಕ್ಕದ ಮನೆಯ ನಾಗಮ್ಮ ಪಾವಗಡದ ಕಡೆಯ ತೆಲುಗಿನವರು. ಬೆಟ್ಟವನ್ನು ವಿಭೂತಿಯಲ್ಲೇ ಮಾಡಿದ್ದಾರಂತೆ ಎಂದು ಕೇಳಿ ಮೊನ್ನೆ ಕೈಮುಗಿಯಲು ಬಂದಿದ್ದವರು, ಈಗ ನನ್ನ ಕೂಗಿಗೆ ಓಡಿಬಂದು, “ಕೊಂಚೆಮೇ ಸ್ವಾಮಿ, ಮಗೂಗೆ ಜ್ವರ ಇತ್ತು” ಎಂದರು. ಜ್ವರ ಇಳಿಯಿತಂತೆ.

ಅಲ್ಲಿಗೆ ಮೂಲೆಗಳ ಲೆಕ್ಕ ಸಿಕ್ಕಿತು. ಆದರೆ ನಟ್ಟನಡುವೆ, ಮಂಜು ದಟ್ಟವಾಗಿದ್ದ ಕಡೆ, ಮೂರು ಬೆರಳು ಅಗಲಕ್ಕೆ ಬಳಿದು ತೆಗೆದಿದ್ದರಲ್ಲ, ಅದು ಯಾರ ಕೆಲಸ? ಒಂದಲ್ಲ ಎರಡಲ್ಲ, ನಾಲ್ಕು ಸಲ ಎಳೆದ ಗುರುತು. ಇಷ್ಟು ದಯೆದಾಕ್ಷಿಣ್ಯವಿಲ್ಲದ ಕೈ ಯಾವುದು ಎಂದು ಕೂಗಾಡಿದೆ. ಗೌರಮ್ಮ ಒಳಗೆ ಹೋಗಿ ಕನ್ನಡಿ ತಂದು ನನ್ನ ಮುಂದೆ ಹಿಡಿದಳು. ಹಣೆಯ ಮೇಲೆ ಮೂರು ಪಟ್ಟೆ ದಪ್ಪಗೆ, ಬೆಳ್ಳಗೆ ಇದ್ದವು. ನಡುವಿನ ಪಟ್ಟೆಗೆ ಬೆರಳಿನ ಮಸಿ ಹತ್ತಿತ್ತು.

“ನಾಕು ದಿನದಿಂದ ನೋಡ್ತಾ ಇದೀನಿ. ಕಣ್ಣು ಮುಚ್ಕೊಂಡೇ ಬಳ್ಕೊಂತೀರಿ. ನಿಮ್ಮ ಚಿತ್ರ, ನಾನ್ಯಾಕೆ ಕೇಳ್ಲಿ ಅಂತ ಸುಮ್ಕಿದ್ದೆ” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ಟರು. “ಎಲ್ಲಿ ಮೇಷ್ಟ್ರೇ ಚಿತ್ರ?” ಎಂದರು. ಅದು ಪೂರ್ತಿಯಾಗಿ ಹೋಗಬೇಕಾದರೆ ನಾಗಮ್ಮನ ಮಗುವನ್ನೂ ಸೇರಿಸಿ ಐದು ಜನರಿಗೆ ಮೈಸೂರಿನ ಟಿಕೀಟು ತೆಗೆಸಬೇಕಿತ್ತು. ಇನ್ನೂ ಒಣಗಿಲ್ಲ ಸಾರ್ ಎಂದೆ. ಅವರು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಹಚ್ಚಿದ ವಿಭೂತಿಯನ್ನು ಒರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಜೀವಮಾನದಲ್ಲಿ ಮಾಡಿದ ಒಂದೇ ಸ್ವಂತ ಚಿತ್ರವನ್ನು ಹಣೆಯ ಮೇಲೆ ಹೊತ್ತುಕೊಂಡು ಪೇಟೆಬೀದಿಯಲ್ಲಿ ಸ್ಕೂಲಿಗೆ ನಡೆದೆ. ದಾರಿಯುದ್ದಕ್ಕೂ ಅದನ್ನು ನೋಡಿದವರು ಬಹಳ ಮಂದಿ. ಚೆನ್ನಾಗಿದೆ ಎಂದು ಒಬ್ಬರೂ ಅನ್ನಲಿಲ್ಲ.