ಮಷೀನಿಗೆ ಕುಸುಬಿ ಎಣ್ಣೆ

ಹಾವಿಗೆ ಹೆದರುತ್ತೇನೆ ಎಂದರೆ ಜನ ನಂಬುತ್ತಾರೆ, ಕರುಣೆಯನ್ನೂ ತೋರಿಸುತ್ತಾರೆ. ಹೊಲಿಗೆ ಮಷೀನಿಗೆ ಹೆದರುತ್ತೇನೆ ಎಂದರೆ ಮಾತ್ರ ನಗುತ್ತಾರೆ. ಅದಕ್ಕೇ ಇದನ್ನು ಈವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ನಮ್ಮ ಮನೆಯದು ಕಾಲಿನಿಂದ ತುಳಿಯುವ ಮಷೀನು. ಮದುವೆಯಾದ ವರ್ಷ ನನ್ನ ಹೆಂಡತಿ ಶರಣಮ್ಮನ ಜೊತೆಗೇ ಚಿಂಚೋಳಿಯಿಂದ ಸೇಡಂಗೆ ಬಂದದ್ದು. ಅವರಿಬ್ಬರಲ್ಲಿ ಮನೆಯ ಮೇಲೆ ಯಾರ ಅಧಿಕಾರ ಹೆಚ್ಚೆಂಬುದು ಇನ್ನೂ ತೀರ್ಮಾನವಾಗಿಲ್ಲ, ನನ್ನದಂತೂ ಅಲ್ಲ. ಆ ಮಷೀನಿನ ಮೇಲೆ ಚಹಾದ ಕಪ್ಪು ಇಡುವಂತಿಲ್ಲ, ಅದರ ಡ್ರಾದೊಳಗಿನ ಕತ್ತರಿ ಮುಟ್ಟುವಂತಿಲ್ಲ. ಒಮ್ಮೆ ಆ ಕತ್ತರಿಯಿಂದ ಹಾಲಿನ ಪಾಕೀಟು ಕತ್ತರಿಸಿದ ತಪ್ಪಿಗೆ ಎರಡು ದಿನ ಬರೀ ಹೂಂ, ಉಹೂಂಗಳ ಮೇಲೆ ಸಂಸಾರ ಮಾಡಿದ್ದೇನೆ.

ಈ ಬೇಸಿಗೆಯಲ್ಲಿ ಶರಣಮ್ಮನ ತಂಗಿಯ ಮಗಳ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಅನೇಕ ವರ್ಷ ಕಾದು, ಊರಿನವರ ಮಾತು ಕೇಳಿ ಕೇಳಿ ಸೋತ ಮೇಲೆ ನಿಂತ ಬಸುರು. ಹಸಿರು ಸೀರೆ ಯಾರಾದರೂ ಉಡಿಸಲಿ, ಕುಪ್ಪಸ ಮಾತ್ರ ದೊಡ್ಡವ್ವನ ಕೈಯದೇ ಆಗಬೇಕು ಎಂದು ಹುಡುಗಿ ಫೋನಿನಲ್ಲಿ ಹಟ ಹಿಡಿದಾಗ ಶರಣಮ್ಮ ಅತ್ತುಬಿಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು. ಅಳತೆ ತೆಗೆದುಕೊಳ್ಳಲು, ಜೊತೆಗೆ ಶೇಂಗಾ ಹೋಳಿಗೆ, ಉಂಡೆಗಳಿಗೆ ಕೈಜೋಡಿಸಲು ಅವಳು ಹತ್ತು ದಿನ ಮೊದಲೇ ಚಿಂಚೋಳಿಗೆ ಹೊರಟಳು.

“ಮುಂದಿನ ವಾರ ಗುರುವಾರ ಬರ್ತೀನ್ರಿ. ಶುಕ್ರವಾರ ಹೊಲದು, ಶನಿವಾರ ಇಬ್ರೂ ಕೂಡಿ ಹೋಗೂಣು. ನಾ ಬರೋದ್ರಾಗ ಮಷೀನಿಗಿ ಎಣ್ಣಿ ಹಾಕಿ ಇಡ್ರಿ. ತೂತಿಗಿ ಎರಡೆರಡೇ ಹನಿ. ಮಷೀನ್ ಎಣ್ಣಿನೇ ಹಾಕ್ರಿ ಮತ್ತ,” ಎಂದಳು. ಬಸ್ಸು ಹತ್ತುವಾಗ ಕಿಟಕಿಯಿಂದಲೂ “ಮಷೀನ್ ಎಣ್ಣಿನೇ” ಎಂದು ಕೂಗಿದಳು. ಅಷ್ಟು ಒತ್ತಿ ಹೇಳುವಂಥದ್ದು ಏನಿದೆಯೆಂದು ನನಗೆ ಆಗ ಹೊಳೆಯಲಿಲ್ಲ.

ಹೆದರಿಕೆಯ ಕೆಲಸವನ್ನು ಮೊದಲು ಮುಗಿಸಿಬಿಡುವುದು ನನ್ನ ಸ್ವಭಾವ. ಅಂದೇ ಮಧ್ಯಾಹ್ನ ಡ್ರಾ ತೆಗೆದು ನೋಡಿದರೆ ಎಣ್ಣೆಯ ಶೀಷೆ ಖಾಲಿ. ಹೊರಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಅಡುಗೆಮನೆಯಲ್ಲಿ ಮಾತ್ರ ಆಡಕಿ ಹಳ್ಳಿಯಿಂದ ನನ್ನ ಅಣ್ಣ ಕಳಿಸಿದ ಡಬ್ಬಿ ತುಂಬ ಗಾಣದ ಕುಸುಬಿ ಎಣ್ಣೆ! ನಮ್ಮ ಕಡೆಯವರಿಗೆ ಕುಸುಬಿ ಎಣ್ಣೆಯ ಮೇಲೆ ಇರುವ ವಿಶ್ವಾಸ ಹೆತ್ತ ಮಕ್ಕಳ ಮೇಲೂ ಇರಲಿಕ್ಕಿಲ್ಲ. ನಮ್ಮವ್ವ ಅದನ್ನು ಪಲ್ಯಕ್ಕೆ ಹಾಕುತ್ತಿದ್ದಳು, ಮೊಣಕಾಲಿಗೆ ಹಚ್ಚುತ್ತಿದ್ದಳು, ಕಿರ್ರೆನ್ನುವ ಬಾಗಿಲಿಗೂ ಬಿಡುತ್ತಿದ್ದಳು. ಬಾಗಿಲು ಸುಮ್ಮನಾಗುತ್ತಿತ್ತು, ಮೊಣಕಾಲೂ ಎರಡು ದಿನ ಸುಮ್ಮನಿರುತ್ತಿತ್ತು. ಮನುಷ್ಯರು ತಿನ್ನುವ ಎಣ್ಣೆ ಕಬ್ಬಿಣಕ್ಕೆ ಆಗದೇ? ತೂತು ಕಂಡಲ್ಲೆಲ್ಲ ಚಮಚದಿಂದ ಧಾರಾಳವಾಗಿ ಬಿಟ್ಟೆ. ಚಕ್ರ ಬೆಣ್ಣೆಯಂತೆ ತಿರುಗಿತು. ಅಂದು ಸಂಜೆ ಫೋನು ಬಂದಾಗ “ಹಾಕೀನಿ” ಎಂದು ಎದೆಯುಬ್ಬಿಸಿ ಹೇಳಿದೆ. ಯಾವ ಎಣ್ಣೆಯೆಂದು ಅವಳು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ಒಂದು ವಾರದ ಮೇಲೆ, ಬುಧವಾರ ಮುಂಜಾನೆ ಸುಮ್ಮನೆ ಚಕ್ರಕ್ಕೆ ಕೈ ಹಚ್ಚಿದೆ. ಅದು ಅಲುಗಲಿಲ್ಲ. ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಮಷೀನಿನ ಬದಲು ಟೇಬಲ್ಲೇ ನನ್ನ ಕಡೆ ಬಂತು. ಎಣ್ಣೆ ಬಿಟ್ಟಲ್ಲೆಲ್ಲ ಹಳದಿ ಅಂಟು ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ನಮ್ಮೂರಿನ ಸಿಮೆಂಟಿನ ಬಿಳಿ ಧೂಳು. ಕಚೇರಿಯಲ್ಲಿ ನಾನು ಗುಮಾಸ್ತ. ಫೈಲು ಮುಂದೆ ಹೋಗದಿದ್ದರೆ ಹತ್ತು ಕಾರಣ ಹೇಳಬಲ್ಲೆ, ಹೇಳಿ ಚಹಾ ಕುಡಿಯಬಲ್ಲೆ. ಇಲ್ಲಿ ಒಂದೂ ತೋಚಲಿಲ್ಲ. ನಾಳೆ ಹಸಿರು ಬಟ್ಟೆ ಹಿಡಿದುಕೊಂಡು ಶರಣಮ್ಮ ಬಸ್ಸಿಳಿಯುತ್ತಾಳೆ. ಅವಳ ಸಿಟ್ಟನ್ನು ಹೇಗೋ ತಡೆದುಕೊಂಡೇನು. ಆದರೆ ಅವಳು ಸಿಟ್ಟಾಗದೆ ಮಷೀನಿನ ಮುಂದೆ ಸುಮ್ಮನೆ ಕೂತುಬಿಟ್ಟರೆ? ಆ ಹುಡುಗಿ ಬಜಾರಿನ ಕುಪ್ಪಸ ತೊಟ್ಟು ಆರತಿಗೆ ಕೂತರೆ? ಕಚೇರಿಗೆ ಜ್ವರವೆಂದು ಹೇಳಿದೆ. ಮೈ ಮುಟ್ಟಿ ನೋಡಿದ್ದರೆ ಅದು ಸುಳ್ಳೆನಿಸುತ್ತಿರಲಿಲ್ಲ.

ಮಷೀನಿನ ತಲೆಯನ್ನು ಟೇಬಲ್ಲಿನಿಂದ ಬಿಚ್ಚಿ, ಚಾದರದಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಹಿಂದಿರುವ ಮಹಬೂಬಸಾಬರ ರಿಪೇರಿ ಅಂಗಡಿಗೆ ಹೋದೆ. ಶರಣಮ್ಮ ದಾರ, ಬಾಬಿನ್ ಕೊಳ್ಳುವುದು ಅಲ್ಲೇ. ಅವರು ಚಾದರ ಸರಿಸಿ ನೋಡಿ, “ಯಾ ಎಣ್ಣಿ ಹಾಕೀರಿ ಸಾಹೇಬ್ರ?” ಎಂದರು.

“ಮಷೀನ್ ಎಣ್ಣಿ.”

ಅವರು ಬೆರಳಿಂದ ಅಂಟು ಕೆರೆದು ಮೂಗಿಗೆ ಹಿಡಿದರು. “ಈ ಮಷೀನ್ ಎಣ್ಣಿದಾಗ ಬದನಿಕಾಯಿ ಎಣಗಾಯಿ ಭಾಳ ಛಲೋ ಆಗ್ತದ ನೋಡ್ರಿ,” ಎಂದರು. ನಾನು ತಲೆ ತಗ್ಗಿಸಿದೆ. “ಕುಸುಬಿ ಎಣ್ಣಿ ಒಣಗಿದ್ರ ಗೋಂದ್ ಆಗ್ತದ್ರಿ. ಮ್ಯಾಲ ಈ ಧೂಳ ಬ್ಯಾರೆ. ಕುಂದ್ರಿ, ತಾಸು ಎರಡ್ತಾಸು ಹಿಡೀತದ.”

ಸೀಮೆಎಣ್ಣೆಯಲ್ಲಿ ಬ್ರಶ್ ಅದ್ದಿ ಒಂದೊಂದೇ ಕೀಲನ್ನು ತಿಕ್ಕುತ್ತ ಹೋದರು. ನಾನು ಸ್ಟೂಲಿನ ಮೇಲೆ ಕೂತು, ದಾರಿಯಲ್ಲಿ ಪರಿಚಯದವರು ಕಂಡಾಗಲೆಲ್ಲ ಮುಖಕ್ಕೆ ಪೇಪರು ಅಡ್ಡ ಹಿಡಿದೆ. ಕೊನೆಗೆ ಚಕ್ರ ಒಮ್ಮೆ ಗೊಣಗಿ ತಿರುಗಿತು. ಹೋದ ಜೀವ ಬಂದಂತಾಯಿತು. ಅವರು ನೀರಿನಂಥ ತಿಳಿ ಎಣ್ಣೆ ಎರಡೆರಡು ಹನಿ ಬಿಟ್ಟು, ಹಳೆ ಅರಿವೆಯ ಮೇಲೆ ಹೊಲಿದು, ಕಪ್ಪು ಕಲೆ ಬೀಳುವುದು ನಿಲ್ಲುವವರೆಗೂ ಓಡಿಸಿದರು. ಹಾಗೆ ಓಡಿಸದಿದ್ದರೆ ಮೊದಲ ಹೊಲಿಗೆಯ ಬಟ್ಟೆಯೇ ಹಾಳಂತೆ.

“ನಮ್ಮ ಮನಿಯಾಕಿಗಿ ಇದು ಗೊತ್ತಾಗಬಾರದು, ನೋಡ್ರಿ ಮತ್ತ,” ಎಂದು ಕೈಮುಗಿದೆ.

“ನಾ ಯಾಕ ಹೇಳ್ಲಿ? ಹೋದ ವರ್ಷ ನಿಮ್ಮ ಮನಿ ಅಕ್ಕಾವ್ರೂ ಹಿಂಗೇ ಕುಸುಬಿ ಎಣ್ಣಿ ಹಾಕ್ಕೊಂಡು ತಂದಿದ್ರು. ‘ನಮ್ಮ ಮನಿಯವರಿಗಿ ಹೇಳಬ್ಯಾಡ್ರಿ’ ಅಂತ ನಿಮ್ಮಂಗೇ ಕೈ ಮುಗದ್ರು. ಇಲ್ಲೀತನ ನಾ ಯಾರಿಗರೆ ಹೇಳೀನಿ?”

ನಾನು ಮೊದಲು ಹಿರಿಹಿರಿ ಹಿಗ್ಗಿದೆ. ಹಾಲಿನ ಪಾಕೀಟಿನ ಸೇಡು ತೀರಿತು ಎಂದುಕೊಂಡೆ. ಆಟೋ ಅರ್ಧ ದಾರಿಗೆ ಬಂದಾಗ ಬೆವರು ಕಿತ್ತುಕೊಂಡಿತು. ಯಾರಿಗೂ ಹೇಳುವುದಿಲ್ಲ ಎನ್ನುತ್ತಲೇ ಅವಳ ಗುಟ್ಟನ್ನು ನನಗೆ ಹೇಳಿದವರು, ನನ್ನದನ್ನು ಅವಳಿಗೆ ಹೇಳಲು ಎಷ್ಟು ಹೊತ್ತು?

ಗುರುವಾರ ಶರಣಮ್ಮ ಬಂದಳು, ಶುಕ್ರವಾರ ಕುಪ್ಪಸ ಹೊಲಿದಳು. ನಾನು ಪಕ್ಕದ ಕೋಣೆಯಲ್ಲಿ ಕೂತು ಪ್ರತಿ ಹೊಲಿಗೆಯನ್ನೂ ಕಿವಿಯಿಂದಲೇ ಕಾಯ್ದೆ. “ಈ ಸಲ ಎಣ್ಣಿ ಛಲೋ ಹಾಕೀರಿ ನೋಡ್ರಿ,” ಎಂದಳು. ಶನಿವಾರ ಆ ಹುಡುಗಿ ಹಸಿರು ಕುಪ್ಪಸ ತೊಟ್ಟು ಕೂತಾಗ ನಾನು ಅವಳ ಮುಖ ನೋಡುವುದು ಬಿಟ್ಟು ಎಣ್ಣೆಯ ಕಲೆ ಹುಡುಕುತ್ತಿದ್ದೆ. ಒಂದೂ ಸಿಗಲಿಲ್ಲ. ಆಮೇಲೆ ಮುಖ ನೋಡಿದೆ. ಅಷ್ಟು ಸಂತೋಷ ನಾನು ಬಹಳ ದಿನ ಕಂಡಿರಲಿಲ್ಲ.

ಊರಿಗೆ ಮರಳಿದ ಮೇಲೆ ಶರಣಮ್ಮ, “ಮಹಬೂಬಸಾಬರ ಹಂತ್ಯಾಕ ಹೋಗಿ ಸೂಜಿ ತರ್ತೀನಿ,” ಎಂದಳು. “ಬಿಸಲಾಗ ನೀ ಯಾಕ? ನಾ ತರ್ತೀನಿ,” ಎಂದು ಚಪ್ಪಲಿ ಮೆಟ್ಟಿದೆ. ಅವಳ ಮುಖ ಒಮ್ಮೆಲೇ ಬಿಳಿಚಿಕೊಂಡಿತು. “ಬ್ಯಾಡ್ರಿ, ಬ್ಯಾಡ, ನಿಮಗ ನಂಬರ್ ತಿಳಿಯಂಗಿಲ್ಲ,” ಎಂದು ಬಾಗಿಲಿಗೆ ಅಡ್ಡ ನಿಂತಳು. ನಿನ್ನ ಎಣ್ಣೆಯ ಗುಟ್ಟು ನನಗೆ ಗೊತ್ತು ಎಂದು ಒಂದು ಮಾತು ಹೇಳಿದ್ದರೆ ಅವಳ ಹೆದರಿಕೆ ಅಲ್ಲೇ ಮುಗಿಯುತ್ತಿತ್ತು. ಆದರೆ ಹೇಗೆ ಗೊತ್ತಾಯಿತೆಂದು ಕೇಳಿದರೆ? ಅಂದಿನಿಂದ ಅವಳು ಹೋಗುವ ಮುಂಚೆ ನಾನು, ನಾನು ಹೋಗುವ ಮುಂಚೆ ಅವಳು ಅಂಗಡಿಗೆ ಓಡುತ್ತಿದ್ದೇವೆ. ಡ್ರಾದಲ್ಲಿ ಈಗ ಕತ್ತರಿಗೂ ಜಾಗವಿಲ್ಲದಷ್ಟು ಸೂಜಿಯ ಪಾಕೀಟುಗಳಿವೆ. ಇಷ್ಟು ಸೂಜಿ ಯಾಕೆಂದು ಅವಳು ನನ್ನನ್ನು ಕೇಳಿಲ್ಲ. ಅವಳನ್ನು ಕೇಳುವ ಧೈರ್ಯ ನನಗೂ ಇಲ್ಲ.